ಪರದೆ ಹಿಂದಿನ ಸ್ಪೀಕರ್ ಎಲ್ಲಿಗೆ ಹೋಯ್ತು?

ನೀವು ಎರಡು ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಿ. ಇವತ್ತಿನ ಕಥೆ ಮಾತ್ರ ಆರು ಸ್ಪೀಕರಿನದು.

ಸುರಪುರದಲ್ಲಿ ನಮ್ಮ ಅಜ್ಜನ ಮನೆ. ಹೋದ ದೀಪಾವಳಿಗೆ ನನ್ನ ಹಳೇ ಕಂಪ್ಯೂಟರನ್ನೂ ಒಂದು 5.1 ಹೋಮ್ ಥಿಯೇಟರ್ ಸೆಟ್ಟನ್ನೂ ಯಾದಗಿರಿಯಿಂದ ಬಸ್ಸಿನಲ್ಲಿ, ಶಹಾಪುರದ ಮೇಲೆ ಹಾದು, ಅಲ್ಲಿಗೆ ಒಯ್ದು ಟಿವಿಗೆ ಜೋಡಿಸಿದೆ. ಸಿನಿಮಾ ಶುರುವಾಯ್ತು. ಫೈಟ್ ಬಂದಾಗ ಸದ್ದೋ ಸದ್ದು. ಹತ್ತು ನಿಮಿಷಕ್ಕೆ ಅಜ್ಜ ಅಂದರು: "ತಮ್ಮಾ, ಸಪ್ಪಳ ಕೇಳ್ತದ, ಮಾತ ಕೇಳವಲ್ದು. ನನ್ನ ಕಿವಿ ಹೋದ್ವು ನೋಡು."

ನಮಗೂ ಮಾತು ಮಂದ ಅನ್ನಿಸಿತ್ತು, ಯಾರೂ ಬಾಯಿ ಬಿಡಲಿಲ್ಲ. ಮರುದಿನ ಕಿವಿ ಮಷೀನಿನ ಮಾತು ಶುರುವಾಯ್ತು. ಅಜ್ಜ ಟಿವಿ ಮುಂದೆ ಕೂಡೋದನ್ನೇ ಬಿಟ್ಟರು.

ಇದೇ ಅಜ್ಜ ಟೆಂಟ್ ಸಿನಿಮಾದ ಡೈಲಾಗುಗಳನ್ನ ಈಗಲೂ ಬಾಯಿಪಾಠ ಹೇಳ್ತಾರೆ. ಅಲ್ಲಿ ಕೇಳಿದ್ದು ಇಲ್ಲಿ ಯಾಕ ಕೇಳಲಿಲ್ಲ? ಅದಕ್ಕೆ ಸ್ವಲ್ಪ ಹಿಂದೆ ಹೋಗೋಣ.

ಭಾರತದ ಮೊದಲ ಟಾಕಿ 'ಆಲಂ ಆರಾ' ಬಂದದ್ದು 1931ರಲ್ಲಿ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' 1934ರಲ್ಲಿ. ಆಗ ಶಬ್ದಕ್ಕೆ ಇದ್ದದ್ದು ಒಂದೇ ಹಾದಿ. ಥಿಯೇಟರಿನಲ್ಲಿ ಸ್ಪೀಕರನ್ನ ಪರದೆ ಹಿಂದೆ ಇಡ್ತಿದ್ದರು. ಪರದೆ ತುಂಬ ಸಣ್ಣ ಸಣ್ಣ ತೂತು. ಮಾತು ನಟನ ಬಾಯಿಂದಲೇ ಬಂದಂಗ ಆಗ್ತಿತ್ತು.

ಅದೇ 1931ರಲ್ಲಿ ಇಂಗ್ಲೆಂಡಿನ ಇಎಂಐ ಕಂಪನಿಯ ಇಂಜಿನಿಯರ್ ಅಲನ್ ಬ್ಲಮ್‌ಲೈನ್‌ಗೆ ಒಂದು ಕಿರಿಕಿರಿ. ನಟ ಪರದೆಯ ಈ ತುದಿಯಿಂದ ಆ ತುದಿಗೆ ನಡೆದರೂ ದನಿ ಇದ್ದಲ್ಲೇ ಇರುತ್ತಲ್ಲ! ಆ ಡಿಸೆಂಬರಿನಲ್ಲಿ ಅವರು ಸ್ಟೀರಿಯೋ ಪೇಟೆಂಟಿಗೆ ಅರ್ಜಿ ಹಾಕಿದರು. 1940ರಲ್ಲಿ ಡಿಸ್ನಿಯ 'ಫ್ಯಾಂಟೇಸಿಯಾ' ಪ್ರೇಕ್ಷಕರ ಸುತ್ತಲೂ ಶಬ್ದ ತಂತು. 1992ರಲ್ಲಿ 'ಬ್ಯಾಟ್‌ಮನ್ ರಿಟರ್ನ್ಸ್' ಜೊತೆ ಡಾಲ್ಬಿ ಡಿಜಿಟಲ್ ಬಂತು: ಮುಂದೆ ಮೂರು, ಹಿಂದೆ ಎರಡು, ಗುಡುಗಿಗೆ ಒಂದು ಸಬ್‌ವೂಫರ್. ಅದೇ 5.1.

ಗಮನಿಸ್ರಿ, ಇಷ್ಟೆಲ್ಲ ಬದಲಾದರೂ ಮಾತು ಹೆಚ್ಚಾಗಿ ನಡುವಿನ ಸ್ಪೀಕರ್ ಬಿಟ್ಟು ಕದಲಲಿಲ್ಲ. ಅಜ್ಜನ ಕಾಲದ ಪರದೆ ಹಿಂದಿನ ಸ್ಪೀಕರೇ ಇವತ್ತಿನ ಸೆಂಟರ್. ಅದೊಂದು ತಪ್ಪಿದರೆ ಸಪ್ಪಳ ಉಳೀತದ, ಕಥೆ ಹೋಗ್ತದ.

ನಾನು ಬಿ.ಕಾಂ. ಓದಿದವನು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದರೆ ಒಂದೊಂದೇ ಎಂಟ್ರಿ ನೋಡ್ತೀವಲ್ಲ, ಹಂಗ ಮಾಡಿದೆ. ವಿಂಡೋಸ್ ಸೌಂಡ್ ಸೆಟ್ಟಿಂಗಿಗೆ ಹೋಗಿ, ಪ್ಲೇಬ್ಯಾಕ್‌ನಲ್ಲಿ ಸ್ಪೀಕರ್ ಆರಿಸಿ, ಕಾನ್ಫಿಗರ್ ಒತ್ತಿ, 5.1 ಇಟ್ಟು ಟೆಸ್ಟ್ ಮಾಡಿದೆ. ಎಡ ಸರಿ. ಬಲ ಸರಿ. ಸೆಂಟರ್ ಒತ್ತಿದರೆ ಸದ್ದು ಬಂದದ್ದು ಬೆನ್ನ ಹಿಂದಿನ ಮೂಲೆಯಿಂದ, ಜೋಳದ ಚೀಲಗಳ ಸಂದಿಯಿಂದ!

ಹಸಿರು ಪಿನ್ನು ಮುಂದಿನ ಎರಡಕ್ಕೆ, ಕಪ್ಪು ಹಿಂದಿನ ಎರಡಕ್ಕೆ, ಕಿತ್ತಳೆ ಸೆಂಟರ್ ಮತ್ತು ಸಬ್‌ವೂಫರಿಗೆ. ಕಪ್ಪನ್ನೂ ಕಿತ್ತಳೆಯನ್ನೂ ನಾನೇ ಅದಲುಬದಲು ಚುಚ್ಚಿದ್ದೆ.

ನಿಮ್ಮನೆಯಲ್ಲಿ ಎರಡೇ ಸ್ಪೀಕರ್ ಇದ್ದರೆ ಸೆಟ್ಟಿಂಗ್ ಸ್ಟೀರಿಯೋ ಇರಲಿ, 5.1 ಇಟ್ಟರೆ ಮಾತು ಇಲ್ಲದ ಸ್ಪೀಕರಿಗೆ ಹೋಗಬಹುದು. ಆಪ್ಟಿಕಲ್ ಕೇಬಲ್ 1983ರ ಕೂಸು, ಸಿಡಿ ಕಾಲದ್ದು. ಸಂಕುಚಿಸದ ಶಬ್ದವಾದರೆ ಎರಡೇ ಚಾನೆಲ್ ಒಯ್ಯುತ್ತೆ, 5.1 ಬೇಕಂದ್ರ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲೇ ಕಳಿಸಬೇಕು. ಎಚ್‌ಡಿಎಂಐನಲ್ಲಿ ಎಂಟು ಚಾನೆಲಿಗೂ ಹಾದಿ ಇದೆ.

ಪಿನ್ನು ಬದಲಿಸಿ ಅಜ್ಜನನ್ನ ಕರೆದೆ. ನಾಯಕ ಬಾಯಿ ತೆರೆದ, ಮಾತು ನಡುವಿನಿಂದ ಬಂತು. ಅಜ್ಜ ಕುರ್ಚಿ ಮುಂದಕ್ಕೆ ಎಳೆದುಕೊಂಡು ಅಂದರು: "ಸಪ್ಪಳ ಸ್ವಲ್ಪ ಕಡಿಮಿ ಮಾಡು."

ವಯಸ್ಸಾದವರು ಕೇಳವಲ್ದು ಅಂದ್ರ ಡಾಕ್ಟರಿಗೆ ತೋರಿಸ್ರಿ, ತಪ್ಪಿಲ್ಲ. ಆದ್ರ ಕಿವಿ ಮೇಲೆ ಗೂಬೆ ಕೂರಿಸೋ ಮೊದಲು ಒಮ್ಮೆ ಕಿತ್ತಳೆ ಪಿನ್ನು ನೋಡ್ರಿ. ಬರ್ತೀನಿ, ಶರಣು.