ನೀರಿನ ನಡುವಿನ ಕೋಟೆ: ಕೌಂಟ್ ವಿಲ್ಹೆಲ್ಮನ ಸೈನಿಕ ಜೀವನ

ಹದಿನೆಂಟನೆಯ ಶತಮಾನದ ಜರ್ಮನ್ ಸೇನಾನಿಗಳ ಚರಿತ್ರೆ ಬಹುಮಟ್ಟಿಗೆ ಪ್ರಷ್ಯದ ಎರಡನೆಯ ಫ್ರೆಡರಿಕನ ಸುತ್ತಲೇ ಸುತ್ತುತ್ತದೆ. ಷೌಂಬುರ್ಗ್-ಲಿಪ್ಪೆಯ ಕೌಂಟ್ ವಿಲ್ಹೆಲ್ಮನ (1724–1777) ಹೆಸರು ಅಲ್ಲಿ ಬಂದರೂ ಪೋರ್ಚುಗಲ್ಲಿನ ಯುದ್ಧದ ನೆಪದಲ್ಲಿ ಬರುತ್ತದೆ. ಆದರೆ ಅವನ ಯುದ್ಧವಿಚಾರದ ತಿರುಳನ್ನು ಹುಡುಕಬೇಕಾದದ್ದು ಅವನದೇ ನಾಡಿನ ಸರೋವರವೊಂದರಲ್ಲಿ ಎಂಬುದು ಈ ಲೇಖನದ ವಾದ.

ವಿಲ್ಹೆಲ್ಮ್ ಹುಟ್ಟಿದ್ದು ಲಂಡನ್ನಿನಲ್ಲಿ. ಅವನ ತಾಯಿ ಇಂಗ್ಲೆಂಡಿನ ದೊರೆ ಮೊದಲನೆಯ ಜಾರ್ಜನಿಗೆ ಪ್ರೇಯಸಿಯಲ್ಲಿ ಹುಟ್ಟಿದ ಮಗಳು. ಅಣ್ಣ ದ್ವಂದ್ವಯುದ್ಧದಲ್ಲಿ ಸತ್ತದ್ದರಿಂದ ವಾರಸುದಾರಿಕೆ ಇವನಿಗೆ ಬಂತು. 1743ರಲ್ಲಿ ಡೆಟ್ಟಿಂಗೆನ್ ಕಾಳಗ ಕಂಡ. 1748ರಲ್ಲಿ ಪಟ್ಟಕ್ಕೆ ಬಂದ. ನಾಡು ಸುಮಾರು 340 ಚದರ ಕಿಲೋಮೀಟರ್, ನಮ್ಮ ಎಷ್ಟೋ ತಾಲ್ಲೂಕುಗಳಿಗಿಂತ ಚಿಕ್ಕದು. ಮಗ್ಗುಲಲ್ಲೇ ಅದರ ಮೇಲೆ ಕಣ್ಣಿಟ್ಟಿದ್ದ ಹೆಸ್ಸೆ-ಕಾಸೆಲ್. ಈ ಭೂಪಟವನ್ನು ಮರೆತರೆ ವಿಲ್ಹೆಲ್ಮನ ಮುಂದಿನ ಯಾವ ನಡೆಯೂ ಅರ್ಥವಾಗುವುದಿಲ್ಲ.

ಏಳು ವರ್ಷಗಳ ಯುದ್ಧದಲ್ಲಿ ಬ್ರನ್ಸ್‌ವಿಕ್‌ನ ಫರ್ಡಿನಾಂಡನ ಕೈಕೆಳಗೆ ಅವನು ಫಿರಂಗಿದಳವನ್ನು ನಡೆಸಿದ. 1759ರ ಆಗಸ್ಟ್ 1ರಂದು ಮಿಂಡೆನ್‌ನಲ್ಲಿ ಫ್ರೆಂಚರು ಸೋತದ್ದರಲ್ಲಿ ಆ ಫಿರಂಗಿಗಳ ಪಾಲು ದೊಡ್ಡದು. ಅತಿಥಿಗಳನ್ನು ಡೇರೆಯಲ್ಲಿ ಊಟಕ್ಕೆ ಕೂರಿಸಿ, ಡೇರೆಯ ತುದಿಯ ಬಾವುಟಕ್ಕೆ ತನ್ನ ಗೋಲಂದಾಜರಿಂದ ಗುಂಡು ಹೊಡೆಸಿದನೆಂಬ ಕತೆಯಿದೆ. ಕಟ್ಟುಕತೆಯೇ ಇರಬಹುದು, ಆದರೆ ಜನ ಅವನನ್ನು ಹೇಗೆ ಕಂಡರೆಂಬುದಕ್ಕೆ ಅದೂ ಒಂದು ಸಾಕ್ಷಿ. ಹಾಗೆಂದು ಅವನು ಸೋಲದವನೇನಲ್ಲ: 1761ರಲ್ಲಿ ಕಾಸೆಲ್ ನಗರಕ್ಕೆ ಹಾಕಿದ ಮುತ್ತಿಗೆ ವಿಫಲವಾಯಿತು.

1762ರಲ್ಲಿ ಸ್ಪೇನ್ ಪೋರ್ಚುಗಲ್ಲಿನ ಮೇಲೆ ಬಿದ್ದಾಗ, ಬ್ರಿಟಿಷ್ ಮತ್ತು ಪೋರ್ಚುಗೀಸ್ ಪಡೆಗಳೆರಡರ ದಂಡನಾಯಕತ್ವ ಇವನಿಗೆ ಬಂತು. ಎದುರಾಳಿಯ ಸಂಖ್ಯೆ ಬಹಳ ಹೆಚ್ಚು. ಅಲ್ಮೇಡಾ ಕೋಟೆಯೂ ಕೈಬಿಟ್ಟಿತು. ವಿಲ್ಹೆಲ್ಮ್ ಬಯಲು ಕಾಳಗಕ್ಕೆ ಇಳಿಯಲೇ ಇಲ್ಲ. ಬೆಟ್ಟದ ದಾರಿಗಳನ್ನು ಹಿಡಿದು ಕಾದು ಕೂತ. ಹಸಿವು, ರೋಗಗಳಿಂದ ಸೊರಗಿದ ಸ್ಪೇನಿನ ಸೈನ್ಯ ಹಿಂದೆ ಸರಿಯಿತು. ಆಮೇಲೆ ಪೋರ್ಚುಗೀಸ್ ಸೈನ್ಯಕ್ಕೆ ಹೊಸ ಶಿಸ್ತು, ನಿಯಮಾವಳಿಗಳನ್ನು ತಂದ. ಎಲ್ವಾಸ್ ಊರಿನ ಪಕ್ಕದ ಗುಡ್ಡದ ಮೇಲೆ ಆಗ ಎದ್ದ ಕೋಟೆಗೆ ಅವನ ಹೆಸರೂ ಅಂಟಿಕೊಂಡಿತು.

ಅದೇ ವರ್ಷಗಳಲ್ಲಿ, 1761ರಿಂದ 1767ರವರೆಗೆ, ಊರಿನ ಸ್ಟೈನ್‌ಹೂಡೆ ಸರೋವರದಲ್ಲಿ ವಿಚಿತ್ರ ಕೆಲಸವೊಂದು ನಡೆಯುತ್ತಿತ್ತು. ಸರೋವರದ ಸರಾಸರಿ ಆಳ ಒಂದೂವರೆ ಮೀಟರೂ ಇಲ್ಲ. ಮೀನುಗಾರರು ದೋಣಿಯಲ್ಲಿ ಕಲ್ಲು ಹೇರಿಕೊಂಡು ಹೋಗಿ ನೀರಿಗೆ ಸುರಿಯಬೇಕು. ಸುರಿದ ಕಲ್ಲಿನಿಂದ ದ್ವೀಪವಾಗಬೇಕು. ದ್ವೀಪದ ಮೇಲೆ ನಕ್ಷತ್ರಾಕಾರದ ಕೋಟೆ ಏಳಬೇಕು. ಅದರ ಹೆಸರು ವಿಲ್ಹೆಲ್ಮ್‌ಸ್ಟೈನ್. ಬಡ ನಾಡಿನ ಬೊಕ್ಕಸಕ್ಕೆ ಇದು ಹೊರಲಾರದ ಹೊರೆ, ಅರಸನ ಖಯಾಲಿ ಎಂದು ಕಂಡವರು ಇದ್ದರೆ ತಪ್ಪೆನ್ನಲಾಗದು. ಆದರೆ ರಕ್ಷಣೆಗಾಗಿ ಮಾಡುವ ಯುದ್ಧವೊಂದೇ ನ್ಯಾಯವಾದದ್ದು ಎಂದು ಬರೆದವನ ಮಟ್ಟಿಗೆ, ಚಿಕ್ಕ ನಾಡು ದೊಡ್ಡದರ ಎದುರು ಉಳಿಯುವ ಬಗೆಯೇ ಯುದ್ಧಶಾಸ್ತ್ರದ ಮೊದಲ ಪ್ರಶ್ನೆಯಾಗಿತ್ತು.

ಈ ದ್ವೀಪದಲ್ಲೇ ಅವನು ಸೈನಿಕ ಶಾಲೆ ನಡೆಸಿದ. 1773ರಲ್ಲಿ ಅಲ್ಲಿಗೆ ಸೇರಿದ ಹುಡುಗನೊಬ್ಬ ದೊಡ್ಡ ಮನೆತನದವನಲ್ಲ, ಹೆಸರು ಶಾರ್ನ್‌ಹೋರ್ಸ್ಟ್. ನೆಪೋಲಿಯನ್ನನ ಕೈಲಿ ಪ್ರಷ್ಯ ನುಚ್ಚುನೂರಾದ ಮೇಲೆ ಅದರ ಸೈನ್ಯವನ್ನು ಮತ್ತೆ ಕಟ್ಟಿದವರಲ್ಲಿ ಅವನೇ ಮುಖ್ಯ. ಹುಟ್ಟಿಗಿಂತ ಓದಿಗೆ ಬೆಲೆ ಕೊಡುವ ಪಾಠ ಅವನಿಗೆ ಮೊದಲು ಸಿಕ್ಕಿದ್ದು ಇಲ್ಲಿ ಎಂದರೆ ಉತ್ಪ್ರೇಕ್ಷೆಯಲ್ಲ.

ಕೊನೆಯ ವರ್ಷಗಳು ಕತ್ತಲೆಯವು. 1774ರಲ್ಲಿ ಒಬ್ಬಳೇ ಮಗಳು, 1776ರಲ್ಲಿ ಹೆಂಡತಿ ತೀರಿಕೊಂಡರು. ಅವನ ಆಸ್ಥಾನದಲ್ಲಿ ಧರ್ಮೋಪದೇಶಕನಾಗಿದ್ದ ಚಿಂತಕ ಹೆರ್ಡರನೂ ಅದೇ ವರ್ಷ ವೈಮಾರ್‌ಗೆ ಹೊರಟ. ಮರುವರ್ಷ ವಿಲ್ಹೆಲ್ಮ್ ತೀರಿಕೊಂಡ.

1787ರಲ್ಲಿ ಹೆಸ್ಸೆ-ಕಾಸೆಲ್‌ನ ಸೈನ್ಯ ಷೌಂಬುರ್ಗ್-ಲಿಪ್ಪೆಯೊಳಕ್ಕೆ ನುಗ್ಗಿ ನಾಡನ್ನೆಲ್ಲ ಹಿಡಿಯಿತು. ವಿಲ್ಹೆಲ್ಮ್‌ಸ್ಟೈನ್ ಮಾತ್ರ ಶರಣಾಗಲಿಲ್ಲ. ನೆರೆಯ ರಾಜ್ಯಗಳ ಒತ್ತಡ ಬಂದು, ಸಾಮ್ರಾಜ್ಯದ ನ್ಯಾಯಪೀಠದ ತೀರ್ಪೂ ವಿರುದ್ಧವಾದಾಗ, ಆ ಸೈನ್ಯ ಕೋಟೆಯನ್ನು ಗೆಲ್ಲದೆಯೇ ವಾಪಸು ಹೋಯಿತು.