ವರ್ಧಂತಿಯ ಊಟವೂ ಹೋಟೆಲಿನ ಬಾಗಿಲೂ

ನಮ್ಮ ತೀರ್ಥರೂಪರಿಗೆ ತೊಂಬತ್ತು ವರ್ಷ ತುಂಬುವ ಸಮಯದಲ್ಲಿ ಮನೆಯ ಕಿರಿಯರೆಲ್ಲರೂ ಸೇರಿ, ಆ ದಿನದ ಊಟವನ್ನು ಬೆಂಗಳೂರಿನ ಯಾವುದಾದರೊಂದು ದೊಡ್ಡ ಹೋಟೆಲಿನಲ್ಲಿ ಏರ್ಪಡಿಸತಕ್ಕದ್ದೆಂದು ನಿಶ್ಚಯಿಸಿದರು. ಯಾವ ಹೋಟೆಲು ಎಂಬ ವಿಷಯದಲ್ಲಿ ಮಾತ್ರ ನಾಲ್ಕು ದಿವಸ ಚರ್ಚೆ ನಡೆಯಿತು. ಒಬ್ಬರಿಗೆ ದೀಪಾಲಂಕಾರವು ಮುಖ್ಯ, ಒಬ್ಬರಿಗೆ ಕಾರು ನಿಲ್ಲಿಸುವ ಸ್ಥಳ, ಮತ್ತೊಬ್ಬರಿಗೆ ಕೇಕು. ಕುಣಿಗಲಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು ದೂರವಿರುವುದೆಂಬುದನ್ನೂ, ತೊಂಬತ್ತರ ವೃದ್ಧರು ರಾತ್ರಿ ಎಂಟು ಗಂಟೆಗೆ ಮಲಗುವರೆಂಬುದನ್ನೂ ಯಾರೊಬ್ಬರೂ ಎಣಿಸಿರಲಿಲ್ಲ. ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ನನಗೆ, ಈ ಆಯ್ಕೆಯೆಂಬುದೇ ನಮ್ಮ ನಾಡಿನಲ್ಲಿ ಎಷ್ಟು ಹೊಸತೆಂಬ ವಿಚಾರವು ಹೊಳೆಯಿತು.

ನಮ್ಮ ಹಿರಿಯರ ಕಾಲದಲ್ಲಿ ವರ್ಧಂತಿಯು ಮನೆಯ ಒಳಗಿನ ಹಬ್ಬ. ಜನ್ಮನಕ್ಷತ್ರವು ಬಂದ ದಿವಸ ಎಣ್ಣೆ ನೀರು, ದೇವರಿಗೆ ನಮಸ್ಕಾರ, ಒಂದು ಪಾಯಸ. ಅರುವತ್ತು ತುಂಬಿದರೆ ಷಷ್ಟ್ಯಬ್ದಿ, ಇನ್ನೂ ಬಾಳಿದರೆ ಸಹಸ್ರಚಂದ್ರದರ್ಶನ. ಅಡಿಗೆಯ ಸೊಗಸನ್ನು ನಮ್ಮವರು ಅರಿಯರೆಂದಲ್ಲ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಅರಸನ ಊಟಕ್ಕಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟಿರುವನು. ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಕನ್ನಡ ಪದ್ಯಗಳಲ್ಲಿಯೇ ಬರೆದಿರುವನು. ಆದರೆ ಹಣ ಕೊಟ್ಟು ಹೊರಗೆ ಉಣ್ಣುವುದು ಗೌರವಸ್ಥರ ಲಕ್ಷಣವೆಂದು ಇವರಾರೂ ಕನಸಿನಲ್ಲಿಯೂ ನೆನೆಯಲಿಲ್ಲ. ಪ್ರತ್ಯೇಕ ಮೇಜು, ಬೆಲೆ ಬರೆದ ಪಟ್ಟಿ, ತನಗೆ ಬೇಕಾದಾಗ ಬೇಕಾದುದನ್ನು ತರಿಸಿಕೊಳ್ಳುವ ಸ್ವಾತಂತ್ರ್ಯ, ಇವು ಹದಿನೆಂಟನೆಯ ಶತಮಾನದ ಪ್ಯಾರಿಸ್ ಪಟ್ಟಣದಲ್ಲಿ ಬೆಳೆದ ಪದ್ಧತಿ. ರೆಸ್ಟೊರೆಂಟ್ ಎಂಬ ಮಾತಿಗೆ ಮೊದಲಲ್ಲಿದ್ದ ಅರ್ಥವು ನಿಶ್ಶಕ್ತರಿಗೆ ಬಲ ಕೊಡುವ ಮಾಂಸರಸವೆಂದು ತಿಳಿದರೆ, ಈಗಿನ ಬೆಲೆಪಟ್ಟಿಯನ್ನು ನೋಡಿ ನಿಶ್ಶಕ್ತರಾಗುವವರಿಗೆ ತಕ್ಕಮಟ್ಟಿಗೆ ಸಮಾಧಾನವಾಗಬಹುದು.

ನಮ್ಮ ಸಂಸ್ಥಾನದಲ್ಲಿ ಈ ಪದ್ಧತಿಯು ಮೊದಲು ಕಾಲಿಟ್ಟದ್ದು ಐರೋಪ್ಯರಿಗಾಗಿ. ಬೆಂಗಳೂರಿನ ದಂಡುಪ್ರದೇಶದ ವೆಸ್ಟ್ ಎಂಡ್ ಹೋಟೆಲು 1887ರಲ್ಲಿ ಒಂದು ಚಿಕ್ಕ ವಸತಿಗೃಹವಾಗಿ ಆರಂಭವಾಯಿತು. ಮೈಸೂರಿನ ಲಲಿತಮಹಲು ನಾಲ್ವಡಿ ಕೃಷ್ಣರಾಜ ಒಡೆಯರವರ ಆಜ್ಞೆಯಂತೆ 1921ರಲ್ಲಿ ಶಂಕುಸ್ಥಾಪನೆಯಾಗಿ 1931ರಲ್ಲಿ ಮುಗಿಯಿತು. ಅದು ವೈಸರಾಯರಂಥ ಅತಿಥಿಗಳಿಗೆಂದು ಅರಮನೆಯಿಂದ ದೂರ, ಬೆಟ್ಟದ ತಪ್ಪಲಿನಲ್ಲಿ ಕಟ್ಟಿದ ಸೌಧ. ಐರೋಪ್ಯ ಅತಿಥಿಗಳಿಗೆ ಔತಣವನ್ನೀಯುವಾಗ ಮಹಾರಾಜರು ಅವರೊಡನೆ ಉಣ್ಣುತ್ತಿರಲಿಲ್ಲ. ಭೋಜನವು ಮುಗಿದ ಬಳಿಕ ಸಭೆಗೆ ಚಿತ್ತೈಸಿ, ಸ್ವಾಗತಭಾಷಣವನ್ನು ಮಾಡುತ್ತಿದ್ದರು. ಔತಣವಿತ್ತವನೇ ಎಲೆಗೆ ಕೂರದ ಔತಣ! ಆ ಸೌಧವು 1974ರಲ್ಲಿ ಹೋಟೆಲಾಯಿತು. ಅಲ್ಲಿಂದ ಮುಂದೆ ಹಣವುಳ್ಳ ಯಾರಾದರೂ ವೈಸರಾಯರ ಭೋಜನಶಾಲೆಯಲ್ಲಿ ತಮ್ಮ ವರ್ಧಂತಿಯನ್ನಾಚರಿಸಲು ಅವಕಾಶವಾಯಿತು.

ದೇಶೀಯರ ಹೋಟೆಲುಗಳ ಚರಿತ್ರೆಯು ಬೇರೆಯ ಬಗೆಯದು. ಉಡುಪಿಯ ಸೀಮೆಯಿಂದ ಬಂದ ಅಡಿಗೆಯವರು ಮೊದಲು ಪರರ ಮನೆಗಳಲ್ಲಿ ಪಾಕ ಮಾಡಿ, ಅನಂತರ ಚಿಕ್ಕ ಚಿಕ್ಕ ಕಾಫಿ ಕ್ಲಬ್ಬುಗಳನ್ನು ತೆರೆದರು. 1924ರಲ್ಲಿ ಪರಮೇಶ್ವರ ಮಯ್ಯರೂ ಅವರ ಸಹೋದರರೂ ಲಾಲ್‌ಬಾಗಿನ ಬಳಿ ತೆರೆದ ಮಳಿಗೆಗೆ ಬ್ರಾಹ್ಮಣ ಕಾಫಿ ಕ್ಲಬ್ಬು ಎಂದೇ ಹೆಸರು. ಅಂಥ ಹೆಸರು ಆ ಕಾಲದಲ್ಲಿ ಯಾರಿಗೂ ಸೋಜಿಗವಾಗಿರಲಿಲ್ಲ. ಮನೆಯಿಂದ ಹೊರಬಿದ್ದ ಗೃಹಸ್ಥನು ಹೋಟೆಲಿನ ಮುಂದೆ ನಿಂತು ಕೇಳುತ್ತಿದ್ದ ಪ್ರಶ್ನೆ ಒಂದೇ: ಅಡಿಗೆ ಮಾಡಿದವರು ಯಾರು, ಪಕ್ಕದ ಎಲೆಯಲ್ಲಿ ಕೂರುವವರು ಯಾರು? ರುಚಿಯ ವಿಚಾರವು ಅದರ ಹಿಂದಿನದು. ಅನೇಕ ಊರುಗಳಲ್ಲಿ ಒಳಗೊಂದು ಕೋಣೆ, ಹೊರಗೊಂದು ಜಗುಲಿ. ಕೆಲವರಿಗೆ ಜಗುಲಿಯೂ ಇಲ್ಲ.

ಇದನ್ನು ಪುಸ್ತಕದಿಂದ ತಿಳಿಯಬೇಕಾದ ಅಗತ್ಯವು ನಮ್ಮ ಮನೆಗಿಲ್ಲ. ತೀರ್ಥರೂಪರು 1947ರಲ್ಲಿ ತುಮಕೂರಿನಲ್ಲಿ ಓದುತ್ತಿದ್ದಾಗ, ತಮ್ಮ ಹುಟ್ಟಿದ ದಿನವೆಂದು ಸಹಪಾಠಿಯೊಬ್ಬರನ್ನು ಕರೆದುಕೊಂಡು ಒಂದು ಹೋಟೆಲಿಗೆ ಹೋದರಂತೆ. ಇವರಿಗೆ ಒಳಗೆ ಬೆಂಚು ದೊರೆಯಿತು. ಆ ಮಿತ್ರರಿಗೆ ಹಿತ್ತಿಲ ಕಡೆಯಲ್ಲಿ, ಬೇರೆ ಇಟ್ಟಿದ್ದ ಲೋಟದಲ್ಲಿ ಕಾಫಿ ಹೊಯ್ದರು. ಇವರು ತಮ್ಮ ತಟ್ಟೆಯನ್ನು ಬಿಟ್ಟು ಹೊರಗೆ ಹೋದರೇ ಎಂದು ನಾನೊಮ್ಮೆ ಕೇಳಿದೆನು. “ಇಲ್ಲಪ್ಪಾ, ಹಸಿವಾಗಿತ್ತು, ತಿಂದುಬಿಟ್ಟೆ” ಎಂದರು. ಬೇರೆ ಏನನ್ನೂ ಹೇಳಲಿಲ್ಲ.

ಮೂರು ವರ್ಷಗಳೊಳಗೆ ಕಾಯಿದೆಯು ಬದಲಾಯಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು, ಜಾತಿ ಮತಗಳ ಕಾರಣದಿಂದ ಯಾವ ಪ್ರಜೆಯನ್ನೂ ಅಂಗಡಿ ಹೋಟೆಲುಗಳಿಗೆ ಪ್ರವೇಶಿಸದಂತೆ ತಡೆಯಕೂಡದೆಂದು ವಿಧಿಸಿತು. 17ನೆಯ ವಿಧಿಯು ಅಸ್ಪೃಶ್ಯತೆಯನ್ನೇ ರದ್ದುಮಾಡಿತು. 1955ರ ಶಾಸನವು ಶಿಕ್ಷೆಯನ್ನು ಗೊತ್ತುಮಾಡಿತು. ಹೋಟೆಲೆಂಬ ಶಬ್ದವು ಅಷ್ಟು ದೊಡ್ಡ ಗ್ರಂಥದೊಳಗೆ ಮೂಲಭೂತ ಹಕ್ಕುಗಳ ಜೊತೆಯಲ್ಲಿ ಬಂದಿರುವುದನ್ನು ಇಂದಿನ ಯುವಕರು ಎಷ್ಟು ಜನ ಗಮನಿಸಿರುವರೋ ಕಾಣೆನು.

ಲಾಲ್‌ಬಾಗಿನ ಆ ಕ್ಲಬ್ಬಿನ ಮುಂದಿನ ಕಥೆಯು ಇನ್ನೂ ಸ್ವಾರಸ್ಯವಾದುದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿನ ಭೋಜನಗೃಹಗಳ ನೈರ್ಮಲ್ಯವನ್ನು ಕಂಡು ಬಂದು, ಪಾತ್ರೆಗಳನ್ನು ಹಬೆಯಿಂದ ಶುದ್ಧಮಾಡುವ ಕ್ರಮವನ್ನು ತಂದರು. ಗಿರಾಕಿಗಳು ಅಡಿಗೆಮನೆಯನ್ನು ನೋಡಬಹುದೆಂಬ ಏರ್ಪಾಡೂ ಇಲ್ಲಿ ಪ್ರಸಿದ್ಧವಾಯಿತು. 1960ರಲ್ಲಿ ಹೊಸ ಕಟ್ಟಡಕ್ಕೆ ಬಂದಾಗ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರಾಯಿತು. 1975ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರವು ತಿಂಡಿಯ ದರಗಳನ್ನು ಇಳಿಸಿದಾಗ, ತುಪ್ಪವನ್ನು ಕಡಿಮೆಮಾಡದೆ ನಡೆಸಿ, ದಿನದಿನದ ನಷ್ಟವನ್ನು ಫಲಕದ ಮೇಲೆ ಬರೆದು ತೋರಿಸಿ, ಕಡೆಗೆ ಕೆಲಕಾಲ ಬಾಗಿಲು ಹಾಕಿದರು. ಯಾರು ಬೇಯಿಸಿದರೆಂಬ ಪ್ರಶ್ನೆಯು ಹೋಗಿ, ಹೇಗೆ ಬೇಯಿಸಿದರೆಂಬ ಪ್ರಶ್ನೆಯು ಬಂದುದು ಸಣ್ಣ ಮಾರ್ಪಾಟೇನೂ ಅಲ್ಲ.

ಹಾಗೆ ನೋಡಿದರೆ ಜೊತೆಗೆ ಕೂತು ಉಣ್ಣಲು ನಮ್ಮ ಕುಣಿಗಲಿನವರು ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಎಡಿಯೂರಿನ ಸಿದ್ಧಲಿಂಗೇಶ್ವರನ ಕ್ಷೇತ್ರದ ದಾಸೋಹವು ನಮ್ಮ ತಾಲ್ಲೂಕಿನಲ್ಲಿಯೇ ಇದೆ. ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳ ಜನ್ಮದಿನವಾದ ಏಪ್ರಿಲ್ 1ರಂದು ಸಾವಿರಾರು ಮಂದಿಗೆ ಒಂದೇ ಅಡಿಗೆ. 2019ರಲ್ಲಿ ಅವರು ಲಿಂಗೈಕ್ಯರಾದ ಮೇಲೂ ಆ ಒಲೆಯು ಆರಲಿಲ್ಲ. ಇದನ್ನು ನಾನು ಚರ್ಚೆಯ ಮಧ್ಯೆ ಹೇಳಿದಾಗ ಕಿರಿಯರು ನಕ್ಕು, “ದೊಡ್ಡಪ್ಪಾ, ಅಲ್ಲಿ ಮೇಜು ಕಾದಿರಿಸುವುದಕ್ಕಾಗುತ್ತದೆಯೆ?” ಎಂದರು.

ಕಡೆಗೆ ತೀರ್ಥರೂಪರೇ ತೀರ್ಮಾನಿಸಿದರು. ಊಟವು ಮಧ್ಯಾಹ್ನವಾಗಬೇಕು, ತುಮಕೂರಿನ ಮಿತ್ರರು ಬರಬೇಕು, ಸ್ಥಳವನ್ನು ಅವರೇ ಹೇಳಬೇಕು. ದೂರವಾಣಿಯಲ್ಲಿ ಕೇಳಿದಾಗ ಆ ವೃದ್ಧರು ದೀಪಗಳುಳ್ಳ ಯಾವ ಹೋಟೆಲಿನ ಹೆಸರನ್ನೂ ಎತ್ತಲಿಲ್ಲ. “ಲಾಲ್‌ಬಾಗಿನ ಹತ್ತಿರದ್ದು ಇದೆಯಲ್ಲ, ಅಡಿಗೆಮನೆ ತೋರಿಸುತ್ತಾರಂತೆ” ಎಂದರು.

ಸರದಿಗಾಗಿ ಒಂದು ಗಂಟೆ ಕಾದೆವು. ಊಟವಾದ ಮೇಲೆ ಬೆಳ್ಳಿಯ ಲೋಟಗಳಲ್ಲಿ ಕಾಫಿ ಬಂದಿತು. ಮಿತ್ರರು ಮೇಜಿನಲ್ಲಿರಲಿಲ್ಲ, ಅಡಿಗೆಮನೆಯ ಬಾಗಿಲಲ್ಲಿ ಕೋಲೂರಿ ನಿಂತು, ಒಳಗಿನ ಹಬೆಯನ್ನೂ ಪಾತ್ರೆಗಳನ್ನೂ ಬಡಿಸುವವರ ಓಡಾಟವನ್ನೂ ಬಹಳ ಹೊತ್ತು ನೋಡುತ್ತಿದ್ದರು. ತೀರ್ಥರೂಪರು ತಮ್ಮ ಲೋಟವನ್ನು ಮುಟ್ಟದೆ ಕೂತಿದ್ದು, ಕೊನೆಗೆ ಕೂಗಿ ಕರೆದರು: “ಬಾರಯ್ಯಾ, ಕಾಫಿ ಆರಿಹೋಗುತ್ತದೆ.”