ಮುರಿದ ಸೇತುವೆಗಳು ಕಲಿಸಿದ ಕಬ್ಬಿಣದ ಪಾಠ

ಮನೆ ಕಟ್ಟುತ್ತಿರುವ ಕಡೆ ರಾಶಿ ಹಾಕಿರುವ ಕಂಬಿಗಳನ್ನು ನೀವು ನೋಡಿರುತ್ತೀರಿ. ಮುಂದಿನ ಸಲ ಸ್ವಲ್ಪ ಹತ್ತಿರ ಹೋಗಿ ಗಮನಿಸಿ. ಕಂಬಿಯ ಮೈಮೇಲೆ ತಯಾರಕರ ಹೆಸರಿನ ಜೊತೆಗೆ ‘ಎಫ್‌ಇ 500 ಡಿ’ ಎಂಬಂಥ ಗುರುತು ಉಬ್ಬಕ್ಷರಗಳಲ್ಲಿರುತ್ತದೆ. ‘ಎಫ್‌ಇ’ ಎಂಬುದು ಕಬ್ಬಿಣದ ರಾಸಾಯನಿಕ ಸಂಕೇತ. 500 ಎಂಬುದು ಕಂಬಿಯ ಬಲ. ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿಗೆ 500 ನ್ಯೂಟನ್ ಬಲದಿಂದ ಎಳೆಯುವವರೆಗೂ ಅದು ಮರಳಿ ಬಾರದಂತೆ ಹಿಗ್ಗಿಬಿಡಬಾರದು. ಕೊನೆಯ ‘ಡಿ’ ತನ್ಯತೆಯ ಸೂಚಕ. ಅಂದರೆ, ತುಂಡಾಗುವ ಮೊದಲು ಕಂಬಿ ಸಾಕಷ್ಟು ಹಿಗ್ಗಲೇಬೇಕು. ಭಾರತೀಯ ಮಾನಕದ ಪ್ರಕಾರ ಈ ದರ್ಜೆಯ ಕಂಬಿ ಕನಿಷ್ಠ ಶೇ. 16ರಷ್ಟು ಹಿಗ್ಗಬೇಕು.

ಬಲವೊಂದಿದ್ದರೆ ಸಾಲದೇ? ಹಿಗ್ಗುವ ಗುಣವನ್ನೂ ಏಕೆ ಕೇಳಬೇಕು? ಈ ಪ್ರಶ್ನೆಗೆ ಉತ್ತರ ದೊರೆತದ್ದು ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ, ಅದೂ ಮುರಿದು ಬಿದ್ದ ಸೇತುವೆಗಳ ಅವಶೇಷಗಳಲ್ಲಿ.

ಕಬ್ಬಿಣ ಒಂದಲ್ಲ, ಮೂರು

ನಾವು ಸಾಮಾನ್ಯವಾಗಿ ‘ಕಬ್ಬಿಣ’ ಎಂದು ಕರೆಯುವ ವಸ್ತು ಮೂರು ಬಗೆಯದು. ಅವುಗಳ ನಡುವಿನ ಮುಖ್ಯ ವ್ಯತ್ಯಾಸ ಇಂಗಾಲದ ಪ್ರಮಾಣ. ಎರಕದ ಕಬ್ಬಿಣದಲ್ಲಿ ಶೇ. 2ರಿಂದ 4ರಷ್ಟು ಇಂಗಾಲವಿರುತ್ತದೆ. ಮೆದು ಕಬ್ಬಿಣದಲ್ಲಿ ಅದು ಶೇ. 0.1ಕ್ಕಿಂತ ಕಡಿಮೆ. ಇವೆರಡರ ನಡುವೆ ಬರುವುದು ಉಕ್ಕು.

ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಇಂಗಾಲ ಹೆಚ್ಚಾಗಿರುವ ಎರಕದ ಕಬ್ಬಿಣ ಸುಮಾರು 1,200 ಡಿಗ್ರಿಯಲ್ಲೇ ಕರಗಿ ಅಚ್ಚಿನೊಳಗೆ ಸರಾಗವಾಗಿ ಹರಿಯುತ್ತದೆ. ಆದ್ದರಿಂದಲೇ ಅದು ಅಗ್ಗ. ಆದರೆ ಅದರೊಳಗಿನ ಇಂಗಾಲದ ಬಹುಪಾಲು ಗ್ರಾಫೈಟಿನ ತೆಳು ಚಕ್ಕೆಗಳಾಗಿ ಉಳಿದುಕೊಳ್ಳುತ್ತದೆ. ಪ್ರತಿಯೊಂದು ಚಕ್ಕೆಯೂ ಲೋಹದೊಳಗಿನ ಸಣ್ಣ ಬಿರುಕಿನಂತೆ ವರ್ತಿಸುತ್ತದೆ. ಒತ್ತಿದಾಗ ಈ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ಎಳೆದಾಗ ಬಾಯಿ ಬಿಡುತ್ತವೆ.

ಇದನ್ನು ತರಗತಿಯಲ್ಲಿ ಸೀಮೆಸುಣ್ಣದ ಕಡ್ಡಿಯಿಂದ ತೋರಿಸಬಹುದು. ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ ಅದು ಸಾಕಷ್ಟು ಭಾರ ತಡೆಯುತ್ತದೆ. ಎರಡೂ ತುದಿ ಹಿಡಿದು ಬಗ್ಗಿಸಿ ನೋಡಿ. ಯಾವ ಮುನ್ಸೂಚನೆಯೂ ಇಲ್ಲದೆ ಪಟ್ಟನೆ ಮುರಿಯುತ್ತದೆ. ಬಗ್ಗಿಸಿದಾಗ ಕಡ್ಡಿಯ ಒಂದು ಮಗ್ಗುಲು ಒತ್ತಲ್ಪಟ್ಟರೆ ಇನ್ನೊಂದು ಮಗ್ಗುಲು ಎಳೆಯಲ್ಪಡುತ್ತದೆ. ಮುರಿತ ಶುರುವಾಗುವುದು ಎಳೆತದ ಮಗ್ಗುಲಿನಿಂದ. ಎರಕದ ಕಬ್ಬಿಣದ ಸ್ವಭಾವವೂ ಇದೇ.

ಕಮಾನು ನಿಂತಿತು, ತೊಲೆ ಮುರಿಯಿತು

ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಮೊದಲನೆಯ ಅಬ್ರಹಾಂ ಡಾರ್ಬಿ 1709ರಲ್ಲಿ ಇದ್ದಿಲಿನ ಬದಲು ಕೋಕ್ ಬಳಸಿ ಊದುಕುಲುಮೆಯಲ್ಲಿ ಕಬ್ಬಿಣ ತೆಗೆದ. ಅವನ ಮೊಮ್ಮಗ ಮೂರನೆಯ ಅಬ್ರಹಾಂ ಡಾರ್ಬಿ ಅಲ್ಲಿಯೇ ಸೆವರ್ನ್ ನದಿಗೆ ಎರಕದ ಕಬ್ಬಿಣದ ಸೇತುವೆ ಕಟ್ಟಿಸಿದ. 1779ರಲ್ಲಿ ಎದ್ದು ನಿಂತ ಅದರ ಕಮಾನಿನ ಅಗಲ ಸುಮಾರು 30 ಮೀಟರ್. ಕಬ್ಬಿಣದ ಸೇತುವೆಗೆ ಪೂರ್ವ ಮಾದರಿ ಇಲ್ಲದ್ದರಿಂದ, ಬಡಗಿಗಳು ಮರ ಜೋಡಿಸುವಂತೆ ಅದರ ಭಾಗಗಳನ್ನು ಒಂದಕ್ಕೊಂದು ಕಚ್ಚಿಸಿ ಜೋಡಿಸಿದರು. ಆ ಸೇತುವೆ ಇಂದಿಗೂ ಇದೆ. ಕಾರಣ ಸರಳ. ಕಮಾನಿನಲ್ಲಿ ಭಾಗಗಳು ಮುಖ್ಯವಾಗಿ ಒಂದನ್ನೊಂದು ಒತ್ತುತ್ತವೆ.

ರೈಲು ಬಂದ ಮೇಲೆ ಸಮಸ್ಯೆ ಎದುರಾಯಿತು. ಎಲ್ಲ ಕಡೆಯೂ ಎತ್ತರದ ಕಮಾನಿಗೆ ಜಾಗವಿರಲಿಲ್ಲ, ನೇರ ತೊಲೆಗಳೇ ಬೇಕಾದವು. ತೊಲೆಯ ಕೆಳ ಅಂಚು ಸದಾ ಎಳೆತಕ್ಕೆ ಸಿಕ್ಕಿರುತ್ತದೆ. ಎರಕದ ಕಬ್ಬಿಣ ಎಳೆತಕ್ಕಿಂತ ಒತ್ತಡವನ್ನು ಸುಮಾರು ಆರು ಪಟ್ಟು ಹೆಚ್ಚು ತಡೆಯುತ್ತದೆಂದು ಈಟನ್ ಹಾಡ್ಜ್‌ಕಿನ್ಸನ್ 1830ರ ಸುಮಾರಿಗೆ ಪ್ರಯೋಗಗಳಿಂದ ಕಂಡುಕೊಂಡಿದ್ದ. ತೊಲೆಯ ಕೆಳ ಪಟ್ಟಿಯನ್ನು ಅಗಲಗೊಳಿಸುವುದು ಅವನು ಸೂಚಿಸಿದ ಪರಿಹಾರ. ಸಣ್ಣ ತೊಲೆಗಳಿಗೆ ಅದು ಸಾಕಾಗಿತ್ತು.

ಚೆಸ್ಟರ್ ಪಟ್ಟಣದ ಬಳಿ ಡೀ ನದಿಗೆ ಹೆಸರಾಂತ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ ಕಟ್ಟಿಸಿದ ಸೇತುವೆಯಲ್ಲಿ ಇಂಥ ತೊಲೆಗಳು ಸುಮಾರು 30 ಮೀಟರ್ ಉದ್ದವಿದ್ದವು. ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿ, ಮೆದು ಕಬ್ಬಿಣದ ಪಟ್ಟಿಗಳಿಂದ ಬಿಗಿದಿದ್ದರು. 1847ರ ಮೇ 24ರಂದು, ಸೇತುವೆಯ ಮರದ ಹಾಸಿಗೆ ಬೆಂಕಿ ತಗಲದಿರಲೆಂದು ಹಳಿಗಳ ನಡುವೆ ಜಲ್ಲಿ ಹರಡಿದರು. ಭಾರ ಹೆಚ್ಚಾಯಿತು. ಅಂದೇ ಸಂಜೆ ಸಾಗುತ್ತಿದ್ದ ರೈಲಿನ ಕೆಳಗೆ ತೊಲೆ ಮುರಿಯಿತು. ಎಂಜಿನ್ ದಡ ಸೇರಿತು, ಗಾಡಿಗಳು ನದಿಗೆ ಬಿದ್ದವು. ಐವರು ಸತ್ತರು.

ರೈಲ್ವೆ ಕಟ್ಟಡಗಳಲ್ಲಿ ಕಬ್ಬಿಣದ ಬಳಕೆಯನ್ನು ಪರಿಶೀಲಿಸಲು ಸರ್ಕಾರ ಅದೇ ವರ್ಷ ಆಯೋಗವೊಂದನ್ನು ನೇಮಿಸಿತು. ಅದು ನಡೆಸಿದ ಪ್ರಯೋಗಗಳಿಂದ ಮಹತ್ವದ ಸಂಗತಿಯೊಂದು ತಿಳಿಯಿತು. ಒಂದೇ ಸಲಕ್ಕೆ ಮುರಿಯಲು ಬೇಕಾದ ಭಾರಕ್ಕಿಂತ ಬಹಳ ಕಡಿಮೆ ಭಾರವನ್ನು ಮತ್ತೆಮತ್ತೆ ಹೇರಿದರೂ ಎರಕದ ಕಬ್ಬಿಣದ ಸಲಾಕೆ ಮುರಿಯುತ್ತದೆ! ಲೋಹವೂ ದಣಿಯುತ್ತದೆ ಎಂಬ ಅರಿವು ಮೂಡತೊಡಗಿದ ಕಾಲವದು.

ಅಷ್ಟರಲ್ಲಿ ಮೆದು ಕಬ್ಬಿಣ ಮುಂದೆ ಬಂದಿತು. ಹೆನ್ರಿ ಕಾರ್ಟ್ 1784ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ, ಕುಲುಮೆಯಲ್ಲಿ ಕರಗಿದ ಕಬ್ಬಿಣವನ್ನು ಕೆಲಸಗಾರ ಉದ್ದನೆಯ ಸಲಾಕೆಯಿಂದ ಕಲಕುತ್ತಿದ್ದ. ಇಂಗಾಲ ಉರಿದುಹೋಗಿ ಮುದ್ದೆಯಾದ ಲೋಹವನ್ನು ಬಡಿದು, ಉರುಳೆಗಳ ನಡುವೆ ಹಾಯಿಸಿ ಪಟ್ಟಿ ಮಾಡುತ್ತಿದ್ದರು. ಇದು ಬಾಗುತ್ತದೆ, ಹಿಗ್ಗುತ್ತದೆ, ಸುಲಭವಾಗಿ ಒಡೆಯುವುದಿಲ್ಲ. 1850ರ ಬ್ರಿಟಾನಿಯಾ ಸೇತುವೆಗೆ ಸ್ಟೀಫನ್‌ಸನ್ ಇದನ್ನೇ ಬಳಸಿದ. 1889ರ ಐಫೆಲ್ ಗೋಪುರವೂ ಉಕ್ಕಿನದಲ್ಲ, ಇದೇ ಕಬ್ಬಿಣದ್ದು. ಆದರೆ ಪ್ರತಿ ಮುದ್ದೆಯ ಹಿಂದೆಯೂ ಒಬ್ಬ ಮನುಷ್ಯನ ತೋಳ್ಬಲವಿದ್ದುದರಿಂದ ಉತ್ಪಾದನೆಗೆ ಮಿತಿಯಿತ್ತು.

ಉಕ್ಕು ಏಕೆ ತಡವಾಗಿ ಬಂತು?

ಉಕ್ಕು ಹೊಸ ವಸ್ತುವೇನಲ್ಲ. ದಕ್ಷಿಣ ಭಾರತದ ಕುಶಲಕರ್ಮಿಗಳು ಮೂಸೆಗಳಲ್ಲಿ ತಯಾರಿಸುತ್ತಿದ್ದ ಉಕ್ಕು ಎರಡು ಸಾವಿರ ವರ್ಷಗಳಿಂದಲೂ ಪ್ರಸಿದ್ಧ. ಜಾರ್ಜ್ ಪಿಯರ್ಸನ್ 1795ರಲ್ಲಿ ಇದರ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಸಲ್ಲಿಸಿದ. ಯುರೋಪಿನವರು ಇದಕ್ಕೆ ಬಳಸಿದ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆದರೆ ಮೂಸೆಯಿಂದ ಒಂದು ಸಲಕ್ಕೆ ಸಿಗುತ್ತಿದ್ದುದು ಸಣ್ಣ ಗಟ್ಟಿ ಮಾತ್ರ. ಅದು ಕತ್ತಿಗೆ ಸಾಕು, ಸೇತುವೆಗೆ ಸಾಲದು.

ಹೆನ್ರಿ ಬೆಸೆಮರ್ 1856ರಲ್ಲಿ ಪ್ರಕಟಿಸಿದ ವಿಧಾನ ಈ ಮಿತಿಯನ್ನು ಮುರಿಯಿತು. ಕರಗಿದ ಕಬ್ಬಿಣದೊಳಗೆ ಗಾಳಿ ಊದಿದರೆ ಅದರಲ್ಲಿರುವ ಸಿಲಿಕಾನ್ ಮತ್ತು ಇಂಗಾಲ ಉರಿಯುತ್ತವೆ. ಆ ಶಾಖವೇ ಲೋಹವನ್ನು ಕರಗಿದ ಸ್ಥಿತಿಯಲ್ಲಿಡುತ್ತದೆ, ಬೇರೆ ಇಂಧನ ಬೇಡ! ಮೊದಮೊದಲು ಬಂದ ಉಕ್ಕು ಒಡೆಯುತ್ತಿತ್ತು. ಮ್ಯಾಂಗನೀಸ್ ಬೆರೆಸುವ ರಾಬರ್ಟ್ ಮುಷೆಟ್‌ನ ಉಪಾಯ ಒಂದು ದೋಷವನ್ನು ನೀಗಿತು. ರಂಜಕದ ಕಾಟವನ್ನು ಥಾಮಸ್ ಮತ್ತು ಗಿಲ್‌ಕ್ರಿಸ್ಟ್ 1870ರ ದಶಕದ ಕೊನೆಗೆ ಕುಲುಮೆಯ ಒಳಪದರ ಬದಲಿಸಿ ನಿವಾರಿಸಿದರು. ಅದೇ ಕಾಲದಲ್ಲಿ ಸೀಮೆನ್ಸ್–ಮಾರ್ಟಿನ್ ತೆರೆದ ಕುಲುಮೆಯೂ ಬಂತು. ಅದರಲ್ಲಿ ಕೆಲಸ ನಿಧಾನವಾಗಿ ನಡೆಯುವುದರಿಂದ ನಡುವೆ ಮಾದರಿ ತೆಗೆದು ಪರೀಕ್ಷಿಸಬಹುದಿತ್ತು. ಇಷ್ಟಾದರೂ ಬ್ರಿಟನ್ನಿನಲ್ಲಿ ರೈಲ್ವೆ ಸೇತುವೆಗೆ ಉಕ್ಕು ಬಳಸಲು ಅನುಮತಿ ದೊರೆತದ್ದು 1877ರಲ್ಲಿ.

ಟೇ ನದಿಯ ದುರಂತ

ಸ್ಕಾಟ್‌ಲೆಂಡಿನ ಟೇ ಅಳಿವೆಯ ಮೇಲೆ ಥಾಮಸ್ ಬೌಚ್ ಕಟ್ಟಿಸಿದ ಮೂರು ಕಿಲೋಮೀಟರಿಗೂ ಉದ್ದದ ಸೇತುವೆ 1878ರಲ್ಲಿ ಸಂಚಾರಕ್ಕೆ ತೆರೆಯಿತು. ಅದರ ಎತ್ತರದ ಕಂಬಗಳು ಎರಕದ ಕಬ್ಬಿಣದವು. ಅಡ್ಡಬಿಗಿತದ ಪಟ್ಟಿಗಳನ್ನು ಕಂಬದೊಂದಿಗೇ ಎರಕ ಹೊಯ್ದ ಕಿವಿಗಳಿಗೆ ಬೋಲ್ಟ್ ಹಾಕಿ ಜೋಡಿಸಿದ್ದರು. ಗಾಳಿ ಪಕ್ಕದಿಂದ ತಳ್ಳಿದಾಗ ಆ ಕಿವಿಗಳ ಮೇಲೆ ಬೀಳುವುದು ಎಳೆತ. 1879ರ ಡಿಸೆಂಬರ್ 28ರ ರಾತ್ರಿಯ ಬಿರುಗಾಳಿಯಲ್ಲಿ ಸೇತುವೆಯ ನಡುಭಾಗ ರೈಲಿನ ಸಮೇತ ನೀರಿಗೆ ಬಿತ್ತು. ರೈಲಿನಲ್ಲಿದ್ದ ಯಾರೂ ಬದುಕಲಿಲ್ಲ.

ವಿಚಾರಣೆಯ ವೇಳೆ ಆ ಕಿವಿಗಳನ್ನು ಲಂಡನ್ನಿನ ಡೇವಿಡ್ ಕಿರ್ಕಾಲ್ಡಿಯ ಪರೀಕ್ಷಾಲಯದಲ್ಲಿ ಎಳೆದು ನೋಡಲಾಯಿತು. ನಿರೀಕ್ಷೆಗಿಂತ ಬಹಳ ಕಡಿಮೆ ಎಳೆತಕ್ಕೇ ಅವು ಒಡೆದವು. ವಿನ್ಯಾಸ, ನಿರ್ಮಾಣ, ನಿರ್ವಹಣೆ ಮೂರರಲ್ಲೂ ದೋಷವಿತ್ತೆಂದು ತೀರ್ಮಾನವಾಯಿತು. ಗಾಳಿಯ ಒತ್ತಡಕ್ಕೂ ಸರಿಯಾದ ಲೆಕ್ಕ ಹಾಕಿರಲಿಲ್ಲ. ಕಿರ್ಕಾಲ್ಡಿ ತನ್ನ ಕಟ್ಟಡದ ಬಾಗಿಲ ಮೇಲೆ ‘ಅಭಿಪ್ರಾಯವಲ್ಲ, ವಾಸ್ತವ’ ಎಂಬ ಅರ್ಥದ ಮಾತನ್ನು ಕೆತ್ತಿಸಿದ್ದ. ಅದು ಮುಂದೆ ಎಂಜಿನಿಯರಿಂಗ್‌ನ ನಿಯಮವೇ ಆಯಿತು.

ಫೋರ್ತ್ ಅಳಿವೆಗೂ ಬೌಚ್ ಸೇತುವೆಯೊಂದನ್ನು ವಿನ್ಯಾಸಗೊಳಿಸಿದ್ದ. ಅದನ್ನು ಕೈಬಿಟ್ಟು, ಜಾನ್ ಫೌಲರ್ ಮತ್ತು ಬೆಂಜಮಿನ್ ಬೇಕರ್ ಅವರ ಹೊಸ ವಿನ್ಯಾಸವನ್ನು ಆರಿಸಿದರು. 50,000 ಟನ್ನಿಗೂ ಹೆಚ್ಚು ತೆರೆದ ಕುಲುಮೆಯ ಉಕ್ಕಿನಿಂದ ಕಟ್ಟಿದ ಆ ಸೇತುವೆ 1890ರಲ್ಲಿ ತೆರೆಯಿತು. ಅದರ ಎರಡು ಮುಖ್ಯ ಅಂತರಗಳು ತಲಾ 521 ಮೀಟರ್. ಇಂದಿಗೂ ಅದರ ಮೇಲೆ ರೈಲುಗಳು ಓಡುತ್ತಿವೆ.

ಮುನ್ಸೂಚನೆ ಕೊಡುವ ಲೋಹ

ಈಗ ನಮ್ಮ ಕಂಬಿಗೆ ಬರೋಣ. ಕಂಬಿ ಕಟ್ಟುವ ತೆಳು ತಂತಿಯೊಂದನ್ನು ಬಗ್ಗಿಸಿ ನೋಡಿ. ಸೀಮೆಸುಣ್ಣದಂತೆ ಅದು ಪಟ್ಟನೆ ಮುರಿಯುವುದಿಲ್ಲ, ಬಾಗುತ್ತದೆ. ಕಾಂಕ್ರೀಟು ಸೀಮೆಸುಣ್ಣದ ಜಾತಿಯದು. ಒತ್ತಡ ತಡೆಯುತ್ತದೆ, ಎಳೆತಕ್ಕೆ ಬಿರುಕು ಬಿಡುತ್ತದೆ. ಅದರ ಎಳೆತದ ಹೊಣೆಯನ್ನು ಉಕ್ಕು ಹೊರುತ್ತದೆ. ಭಾರ ಮಿತಿ ಮೀರಿದಾಗ ಕಂಬಿ ಮೊದಲು ಹಿಗ್ಗುತ್ತದೆ, ತೊಲೆ ಜೋಲುತ್ತದೆ, ಬಿರುಕುಗಳು ಕಣ್ಣಿಗೆ ಕಾಣುತ್ತವೆ. ಭೂಕಂಪದ ಶಕ್ತಿಯನ್ನೂ ಈ ಹಿಗ್ಗುವಿಕೆ ಹೀರಿಕೊಳ್ಳುತ್ತದೆ. ಒಳಗಿರುವವರಿಗೆ ಹೊರಗೋಡಲು ಸಮಯ ಸಿಗುತ್ತದೆ. ಡೀ ಸೇತುವೆಯ ಪ್ರಯಾಣಿಕರಿಗೆ ಸಿಗದೇ ಹೋದದ್ದು ಆ ಸಮಯವೇ.

ಕಂಬಿ ಕೊಳ್ಳುವಾಗ ಬೆಲೆಯ ಜೊತೆಗೆ ಅದರ ಮೇಲಿನ ಗುರುತನ್ನೂ ಓದಿ, ಪರೀಕ್ಷಾ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಆ ‘ಡಿ’ ಅಕ್ಷರದ ಬೆಲೆಯನ್ನು ಹಿಂದಿನವರು ಆಗಲೇ ತೆತ್ತಿದ್ದಾರೆ.